ಶಿವರಾಂಪೇಟೆಗೊಂದು ಸುತ್ತು

ನಮ್ಮ ಸರಸ್ವತಿಪುರಂ ಮನೆಯ ಅಟ್ಟದಿಂದ ಮಗನ ಕಾಲೇಜು ದಿನಗಳ ಮಾನಿಟರ್ ಇಳಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಹಳೇ ಟಿ.ವಿ.ಯಂತೆ ಹಿಂದೆ ಉಬ್ಬಿರುವ ಸಿಆರ್‌ಟಿ ಅದು. ಹಳೇ ಕಂಪ್ಯೂಟರಿಗೆ ಜೋಡಿಸಿ ಸ್ವಿಚ್ ಹಾಕಿದರೆ ಪರದೆಯ ನಡುವೆ ಅಡ್ಡಕ್ಕೊಂದು ಬಿಳಿ ಗೆರೆ, ಅಷ್ಟೇ! ಮೊಮ್ಮಗ ಆಗಲೇ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. ನಾನೋ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದವನು, ಬಿಚ್ಚುವ ಧೈರ್ಯವಿಲ್ಲ. ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಇಬ್ಬರೂ ಶಿವರಾಂಪೇಟೆಗೆ ಹೊರಟೆವು.

ದಾರಿಯಲ್ಲಿ ಮಹಾರಾಜ ಕಾಲೇಜು ಸಿಕ್ಕಿತು. ಮಕ್ಕಳೇ, ಇಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಅದರ ಹೆಸರೇ ‘ಆಕಾಶವಾಣಿ’. ಇದನ್ನು ಹೇಳಿ ನಾನೇ ಸಿಕ್ಕಿಬಿದ್ದೆ.

“ಅವರು ಮನೇಲಿ ರೇಡಿಯೊ ಸ್ಟೇಷನ್ನೇ ಮಾಡಿದ್ರಂತೆ. ನಾವು ಒಂದು ಮಾನಿಟರ್ ಬಿಚ್ಚಬಾರದಾ ತಾತ?”

ಉತ್ತರ ಕೊಟ್ಟವರು ಸಂಜೆ ಮನೆಗೆ ಬಂದ ಮೆಕ್ಯಾನಿಕ್. ಮನೆಯ ಕರೆಂಟು 230 ವೋಲ್ಟ್. ಪಿಕ್ಚರ್ ಟ್ಯೂಬಿನಲ್ಲಿ ಸುಮಾರು 25,000! ಪ್ಲಗ್ ಕಿತ್ತ ಮೇಲೂ ಅದು ಒಳಗೆ ಹೊಂಚು ಹಾಕಿ ಕೂತಿರಬಹುದು. ಅವರು ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ರಬ್ಬರ್ ಟೋಪಿಯಡಿ ತೂರಿಸಿದರು. ಚಟ್! ಕಿಡಿ ಹಾರಿತು. ಮೊಮ್ಮಗ ಸದ್ದಿಲ್ಲದೆ ಕೈ ಹಿಂದೆ ಕಟ್ಟಿಕೊಂಡ.

ಎಲೆಕ್ಟ್ರಾನ್ ಕಿರಣ ಎಡಬಲಕ್ಕೂ ಮೇಲೆ ಕೆಳಕ್ಕೂ ಓಡಿ ಚಿತ್ರ ಬರೆಯುತ್ತದೆ. ನಮ್ಮದರಲ್ಲಿ ಮೇಲೆ-ಕೆಳಗಿನ ಓಟ ನಿಂತಿತ್ತು. ಕಾರಣ, ಕೂದಲೆಳೆಯಷ್ಟು ಬಿರಿದ ಒಂದು ಬೆಸುಗೆ. ಅದನ್ನು ಮತ್ತೆ ಬೆಸೆದದ್ದೇ ತಡ, ಗೆರೆ ಅರಳಿ ಪರದೆ ತುಂಬಿತು.

ಮೊಮ್ಮಗನ ಕೈ ಮಾತ್ರ ಇನ್ನೂ ಬೆನ್ನ ಹಿಂದೆಯೇ ಇತ್ತು.