ಪಾಳ್ಯ ದಾಟೋ ಮುಂಚೆ

ಬೆಂಗಳೂರಿಂದ ಕ್ಯಾಮೆರಾ ಹಿಡಿದು ಬರೋರೆಲ್ಲ ಪಾಳ್ಯ ದಾಟಿ, ಬಾಳ್ಳುಪೇಟೆ ದಾಟಿ, ಮಂಜರಾಬಾದ್ ಕೋಟೆಗೋ ಬಿಸಿಲೆ ಘಾಟಿಗೋ ಓಡ್ತಾರೆ. ಓಡಲಿ, ಅವೂ ಚೆಂದವೇ. ಆದರೆ ನಮ್ಮ ಗದ್ದೆ ಬದುವಿನ ಮುಟ್ಟಿದರೆ ಮುನಿ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಇವಕ್ಕೆ ಟಿಕೆಟ್ಟಿಲ್ಲ, ಪಾರ್ಕಿಂಗ್ ಗಲಾಟೆಯೂ ಇಲ್ಲ.

ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟ್ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತೆ. ಎಲ್ಲರೂ ಇಡೀ ತೋಟವನ್ನೇ ಫ್ರೇಮಿಗೆ ತುಂಬ್ತಾರೆ. ಒಂದೇ ಒಂದು ಗೆಣ್ಣಿನ ಹತ್ತಿರ ಹೋಗಿ ನೋಡಿ: ಗೊಂಚಲಿನ ನಡುವೆ ತುಡುವೆ ಜೇನು, ಕಾಲಿಗೆಲ್ಲ ಮೆತ್ತಿದ ಪರಾಗ. ರೊಬಸ್ಟಾ ಕಾಯಿ ಕಟ್ಟೋಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಅಂದ್ರೆ ನಿಮ್ಮ ಫೋಟೋದಲ್ಲಿರೋದು ಮುಂದಿನ ಫಸಲು. ತಡ ಮಾಡಬೇಡಿ, ಮೂರ್ನಾಲ್ಕು ದಿನಕ್ಕೆ ಹೂವು ಕಂದುತ್ತೆ.

ಮೂಡಿಗೆರೆಯ ತೇಜಸ್ವಿ ರೀಲ್ ಕ್ಯಾಮೆರಾ ಕಾಲದಲ್ಲೇ ತೋಟದ ಸುತ್ತಲ ಹಕ್ಕಿಗಳ ಹಿಂದೆ ಬಿದ್ದವರು. ನಮಗೆ ರೀಲಿನ ಖರ್ಚೂ ಇಲ್ಲ. ಬೆಳಗಿನ ಓರೆಬಿಸಿಲು, ಝೂಮ್ ಬಿಟ್ಟು ಎರಡು ಹೆಜ್ಜೆ ಮುಂದೆ, ಬ್ರೈಟ್‌ನೆಸ್ ಒಂಚೂರು ಕಮ್ಮಿ. ಮೊಬೈಲೇ ಸಾಕು. ಜೇನಿರೋ ಕಡೆ ಮಾತ್ರ ಒಂದೇ ಹೆಜ್ಜೆ ಇಡಿ!