ಮೂರೂವರೆ ನೂರೋ, ಐನೂರೋ?

ಹೊಸಪೇಟೆಯಿಂದ ಹೊರಡುವ ಮೂರು ದಾರಿಗಳದ್ದು ಮೂರು ಬಗೆ. ಹಂಪಿಯ ದಾರಿ ಬಂಡೆಗಳ ನಡುವೆ ಹೊರಳುತ್ತದೆ. ಸಂಡೂರಿನದು ಗುಡ್ಡ ಹತ್ತುತ್ತದೆ. ಕಂಪ್ಲಿಯದು ಕಾಲುವೆ, ಗದ್ದೆ, ಬಾಳೆತೋಟಗಳ ನಡುವೆ ಸಮತಟ್ಟಾಗಿ ಸಾಗುತ್ತದೆ. ಹಳೆಯ ಬುಲೆಟ್ ಮೋಟಾರ್ ಸೈಕಲ್ಲಿನ 350 ಮತ್ತು 500 ಸಿ.ಸಿ. ಮಾದರಿಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಹದಿನೆಂಟು ತುಂಬಿದ ಹುಡುಗರು ‘ಹಳೇದಾದರೂ ಸರಿ, ಐನೂರೇ ಕೊಡಿಸಿ’ ಎಂದು ಹಠ ಹಿಡಿಯುವುದನ್ನೂ, ಅಪ್ಪಂದಿರು ತಲೆಯ ಮೇಲೆ ಕೈಹೊತ್ತು ಕೂರುವುದನ್ನೂ ವರ್ಷವರ್ಷವೂ ನೋಡುತ್ತಿದ್ದೇನೆ. ಈ ಲೆಕ್ಕ ಇಬ್ಬರಿಗೂ.

ಬುಲೆಟ್ಟಿನ ತವರು ಇಂಗ್ಲೆಂಡಿನ ರೆಡ್ಡಿಚ್. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಹುಟ್ಟಿ, 350ರ ತಯಾರಿಕೆ ಇಲ್ಲಿ ಬೇರೂರಿತು. ತವರಿನ ಕಂಪನಿ 1970ರ ಸುಮಾರಿಗೆ ಬಾಗಿಲು ಹಾಕಿದರೂ ಇಲ್ಲಿನ ಬುಲೆಟ್ ಬದುಕಿ ಉಳಿಯಿತು. 1990ರ ಸುಮಾರಿಗೆ ನಮ್ಮಲ್ಲೂ 500 ಬಂತು.

ಎರಡೂ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ ಒಂದೇ, 90 ಮಿ.ಮೀ. ಸಿಲಿಂಡರಿನ ವ್ಯಾಸ ಮಾತ್ರ ಬೇರೆ: ಒಂದರದು 70, ಇನ್ನೊಂದರದು 84 ಮಿ.ಮೀ. ಪ್ರೌಢಶಾಲೆಯಲ್ಲಿ ಕಲಿತ ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಿ. 346 ಮತ್ತು 499 ಘನ ಸೆಂಟಿಮೀಟರ್ ಬರುತ್ತದೆ. ವ್ಯಾಸ ಹೆಚ್ಚಿದ್ದು ಶೇ 20, ಘನಫಲ ಹೆಚ್ಚಿದ್ದು ಶೇ 44. ವರ್ಗದ ಮಹಿಮೆ ಅದು.

ಆದರೆ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಏರಲಿಲ್ಲ. 350ಕ್ಕೆ 18 ಅಶ್ವಶಕ್ತಿ, 500ಕ್ಕೆ 22. ಎಂದರೆ ಶೇ 22ರಷ್ಟು ಮಾತ್ರ ಹೆಚ್ಚು. ಈ ಹೆಚ್ಚುವರಿ ಎಲ್ಲಿ ಕೆಲಸಕ್ಕೆ ಬರುತ್ತದೆ?

ಮೊದಲು ಕಂಪ್ಲಿಯ ದಾರಿ ಹಿಡಿಯೋಣ. ಸಮತಟ್ಟು ನೆಲದಲ್ಲಿ ವೇಗ ಏರಿದಂತೆ ಮುಖ್ಯ ಎದುರಾಳಿ ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾಗಿ ಶೇ 22 ಹೆಚ್ಚು ಶಕ್ತಿಯಿಂದ ಗರಿಷ್ಠ ವೇಗದಲ್ಲಿ ದಕ್ಕುವುದು ಸುಮಾರು ಶೇ 7 ಮಾತ್ರ. 350 ನೂರು ಕಿ.ಮೀ. ಓಡಿದರೆ 500 ನೂರೇಳು. ಭತ್ತದ ಗಾಡಿ, ಎಮ್ಮೆ, ಶಾಲೆಯ ಮಕ್ಕಳು ಅಡ್ಡಬರುವ ದಾರಿಯಲ್ಲಿ ಆ ಏಳು ಕಿಲೋಮೀಟರಿಗೆ ಬೆಲೆಯೇ ಇಲ್ಲ.

ಸಂಡೂರಿನ ಏರಿನಲ್ಲಿ ಕಥೆ ಬೇರೆ. ಅಲ್ಲಿ ಎದುರಾಳಿ ಗುರುತ್ವ. ಭಾರವನ್ನು ಮೇಲೆತ್ತಲು ಬೇಕಾದ ಶಕ್ತಿ ವೇಗದೊಂದಿಗೆ ನೇರವಾಗಿ ಏರುತ್ತದೆ. ಆದ್ದರಿಂದ ಹೆಚ್ಚುವರಿ ಶಕ್ತಿಯೆಲ್ಲ ಉಪಯೋಗಕ್ಕೆ ಬರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರುವಾಗ 350 ಗೇರ್ ಇಳಿಸು ಎಂದು ಮುಲುಗಿದರೆ, 500 ಅದೇ ಗೇರಿನಲ್ಲಿ ‘ಡುಗುಡುಗು’ ಎನ್ನುತ್ತ ಹತ್ತುತ್ತದೆ.

ಏರಿದವರು ಇಳಿಯಲೂ ಬೇಕಲ್ಲ! ಈ ಭಾಗ ಕಬ್ಬಿಣದ ಅದಿರಿನ ನಾಡು. ಲಾರಿಗಳಿಂದ ಉದುರಿದ ಕೆಂಪು ಪುಡಿ ತಿರುವಿನಲ್ಲಿ ಚಕ್ರದಡಿ ಜಾರುತ್ತದೆ. ಗಂಟೆಗೆ 60 ಕಿ.ಮೀ. ಬದಲು 80ರಲ್ಲಿದ್ದರೆ ಬ್ರೇಕು ಅರಗಿಸಬೇಕಾದ ಚಲನಶಕ್ತಿ ಸುಮಾರು ಒಂದೂ ಮುಕ್ಕಾಲು ಪಟ್ಟು. ಅಷ್ಟೇ ಪಟ್ಟು ದೂರ ಹೋಗಿ ಗಾಡಿ ನಿಲ್ಲುತ್ತದೆ. ಈ ಲೆಕ್ಕದಲ್ಲಿ ಸಿ.ಸಿ.ಗೆ ಜಾಗವೇ ಇಲ್ಲ.

ಹಂಪಿಗೆ ಹೊಸಪೇಟೆಯಿಂದ 13 ಕಿ.ಮೀ. ನಿಧಾನವಾಗಿ ನೋಡುತ್ತ ಹೋಗುವವನಿಗೆ ಎರಡೂ ಒಂದೇ. ವಿಜಯವಿಠ್ಠಲ ದೇಗುಲದ ಹತ್ತಿರಕ್ಕಂತೂ ಯಾವ ಬುಲೆಟ್ಟೂ ಹೋಗುವಂತಿಲ್ಲ. ಗೆಜ್ಜಲ ಮಂಟಪದ ಬಳಿ ನಿಲ್ಲಿಸಿ, ಕಲ್ಲಿನ ರಥ ನೋಡಲು ನಡೆದೋ ಬ್ಯಾಟರಿ ಗಾಡಿಯಲ್ಲೋ ಹೋಗಬೇಕು.

ಬುಲೆಟ್ 500 ತಯಾರಿಕೆ 2020ರಲ್ಲಿ ನಿಂತಿದೆ. ಈಗ ಕೊಳ್ಳುವುದೆಂದರೆ ಹಳೆಯದನ್ನೇ, ಬಿಡಿಭಾಗ ಹುಡುಕುವ ತಾಪತ್ರಯವನ್ನೂ ಸೇರಿಸಿಕೊಂಡು. ದಿನವೂ ಕಾಲೇಜಿಗೆ ಹೋಗಿಬರುವವನಿಗೆ 350 ಧಾರಾಳ. ಇಬ್ಬರು ಕೂತು ಗುಡ್ಡಗಾಡು ಸುತ್ತುವವರಿಗೆ 500 ಒಪ್ಪುತ್ತದೆ. ಪೋಷಕರೇ, ಮಗ ಸಿ.ಸಿ. ಎಷ್ಟೆಂದು ಹೇಳುವ ಮೊದಲು ಲೈಸೆನ್ಸು, ಹೆಲ್ಮೆಟ್ ಎಲ್ಲಿ ಎಂದು ಕೇಳಿ. ಆಮೇಲೆ 60 ಮತ್ತು 80ರ ಲೆಕ್ಕವನ್ನು ಅವನ ಕೈಯಲ್ಲೇ ಮಾಡಿಸಿ. ಉತ್ತರ ಸರಿಯಾಗಿ ಬಂದರೆ ಅಂಗಡಿಗೆ ಹೋಗಬಹುದು.