ಕತ್ತಲೆಯ ಕವಾಯತು

2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಹೆಚ್ಚುಕಡಿಮೆ ಮುಂಬಯಿಗೆ ಮುಂಬಯಿಯೇ ಕರೆಂಟಿಲ್ಲದೆ ಕುಳಿತದ್ದು ಓದುಗರಿಗೆ ನೆನಪಿರಬೇಕು. ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ಹೊರಗಿನ ಜಾಲ ಕುಸಿದರೆ ನಗರವನ್ನು ಬೇರ್ಪಡಿಸಿ ದ್ವೀಪದಂತೆ ಉಳಿಸಿಕೊಳ್ಳುವ ಯೋಜನೆ ದಶಕಗಳಿಂದ ಇತ್ತು. ಆ ದಿನ ಅದು ಕೈಕೊಟ್ಟಿತು.

ಆರಿದ ಊರನ್ನು ಮತ್ತೆ ಬೆಳಗಿಸುವುದು ಗುಂಡಿ ಒತ್ತಿದಷ್ಟು ಸುಲಭವಲ್ಲ. ಕಲ್ಲಿದ್ದಲಿನ ಸ್ಥಾವರದ ಪಂಪು, ಫ್ಯಾನು ತಿರುಗಲಿಕ್ಕೂ ವಿದ್ಯುತ್ತೇ ಬೇಕಲ್ಲ! ಆದ್ದರಿಂದ ಸಾಮಾನ್ಯವಾಗಿ ಡೀಸೆಲ್ ಜನರೇಟರಿನ ಬಲದಿಂದ ಮೊದಲು ಜಲವಿದ್ಯುತ್ ಯಂತ್ರವನ್ನು ಎಬ್ಬಿಸಿ, ತಂತಿಗೆ ಜೀವ ತುಂಬಿ, ಹೊರೆಯನ್ನು ತುಸುತುಸುವೇ ಏರಿಸಬೇಕು. ಅವಸರಪಟ್ಟರೆ ಪುನಃ ಕತ್ತಲೆ. ಇದರ ಅಣಕು ಕವಾಯತನ್ನು ದೇಶದ ಗ್ರಿಡ್ ಸಂಹಿತೆ ಕಡ್ಡಾಯ ಮಾಡಿದೆ: ಯಂತ್ರವನ್ನು ನಿಜವಾಗಿ ನಿಲ್ಲಿಸಿ, ಹೊರಗಿನ ನೆರವಿಲ್ಲದೆ ಎಬ್ಬಿಸಿ ನೋಡಿದರೇ ಅದು ಪರೀಕ್ಷೆ.

ಆ ದಿನ ನಮ್ಮ ಕಟ್ಟಡದ ಜನರೇಟರೂ ಏಳಲಿಲ್ಲ. ಸರ್ವಿಸ್ ಆದ ಚೀಟಿಯೇನೋ ಅಂಟಿಸಿತ್ತು, ಬ್ಯಾಟರಿ ಸತ್ತಿತ್ತು. ಆಕ್ಸಿಜನ್ ಯಂತ್ರವನ್ನೇ ನಂಬಿದ್ದ ನಮ್ಮ ಮಾವನವರಿಗಾಗಿ ಸಿಲಿಂಡರನ್ನು ಆರು ಮಹಡಿ ಹೊತ್ತು ತಂದೆವು. ಈಗ ತಿಂಗಳ ಮೊದಲ ಭಾನುವಾರ ಮೇನ್ ಸ್ವಿಚ್ಚನ್ನೇ ಇಳಿಸುತ್ತೇವೆ. ಕ್ರಿಕೆಟ್ ತಪ್ಪಿತೆಂದು ಎರಡನೆಯ ಮಹಡಿಯವರು ಗೊಣಗುತ್ತಾರೆ, ಗೊಣಗಲಿ.